ಈ, ಇದು ಮತ್ತು ‘ದಿಸ್’: ಮೂರು ಭಾಷೆಗಳ ನಡುವೆ ನಿರ್ದೇಶಕ ಸರ್ವನಾಮ

ಇಂಗ್ಲಿಷ್ ವ್ಯಾಕರಣದ ಶಾಲಾಪುಸ್ತಕಗಳಲ್ಲಿ ನಿರ್ದೇಶಕ ಸರ್ವನಾಮಗಳಿಗೆ ದೊರೆಯುವ ಸ್ಥಳ ಬಲು ಕಡಿಮೆ. ‘ದಿಸ್’, ‘ದ್ಯಾಟ್’, ‘ದೀಜ್’, ‘ದೋಜ್’ ಎಂಬ ನಾಲ್ಕು ಶಬ್ದಗಳು. ಹತ್ತಿರದ ವಸ್ತುವಿಗೆ ಮೊದಲನೆಯದು, ದೂರದ ವಸ್ತುವಿಗೆ ಎರಡನೆಯದು, ಉಳಿದೆರಡು ಅವುಗಳ ಬಹುವಚನಗಳು. ಇಷ್ಟನ್ನು ಹೇಳಿ, ಅಭ್ಯಾಸಕ್ಕೆಂದು ಹತ್ತು ವಾಕ್ಯಗಳನ್ನು ಕೊಟ್ಟು, ಗ್ರಂಥಕರ್ತರು ಮುಂದಿನ ಪ್ರಕರಣಕ್ಕೆ ಸಾಗುವುದು ವಾಡಿಕೆ. ಇಂಗ್ಲಿಷನ್ನು ತೊಟ್ಟಿಲಿನಿಂದಲೇ ಕಲಿತವರಿಗೆ ಇಷ್ಟು ಸಾಕಾದೀತು. ಆದರೆ ಪುಣೆಯಂಥ ನಗರದಲ್ಲಿ ನೆಲೆಸಿರುವ ಕನ್ನಡ ಮನೆತನಗಳ ಮಕ್ಕಳು ಮನೆಯಲ್ಲಿ ಕನ್ನಡವನ್ನೂ, ಓಣಿಯಲ್ಲಿ ಮರಾಠಿಯನ್ನೂ, ಶಾಲೆಯಲ್ಲಿ ಇಂಗ್ಲಿಷನ್ನೂ ಬಳಸಬೇಕಾಗಿರುವುದರಿಂದ, ಬೆರಳು ತೋರಿಸಿ ಒಂದು ವಸ್ತುವನ್ನು ಹೇಳುವ ಈ ಅತಿ ಸರಳವಾದ ಕೆಲಸಕ್ಕೆ ಅವರ ಬಳಿ ಮೂರು ಬೇರೆ ಬೇರೆ ಏರ್ಪಾಡುಗಳು ಇರುತ್ತವೆ. ಮೂರೂ ಮೇಲುನೋಟಕ್ಕೆ ಒಂದೇ ಎನಿಸುತ್ತವೆ. ಒಳಹೊಕ್ಕು ನೋಡಿದರೆ ಒಂದು ಇನ್ನೊಂದರಂತಿಲ್ಲ. ಆ ಭೇದವನ್ನು ಅರಿಯದೆ ಇಂಗ್ಲಿಷನ್ನು ಕಲಿಸಹೋದರೆ ಇಂಗ್ಲಿಷ್ ಕೆಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಯಾರ ಗಮನಕ್ಕೂ ಬಾರದಂತೆ ಕನ್ನಡವೂ ಕೆಡುತ್ತದೆ. ಪ್ರಸ್ತುತ ಲೇಖನದ ಉದ್ದೇಶ ಆ ಭೇದವನ್ನು ಸ್ಪಷ್ಟಪಡಿಸುವುದಾಗಿದೆ.

೧. ಹೆಸರು ಮತ್ತು ಲಕ್ಷಣ

ನಾಮಪದದ ಸ್ಥಾನದಲ್ಲಿ ನಿಲ್ಲುವ ಪದವೆಂದು ಸರ್ವನಾಮದ ಲಕ್ಷಣವನ್ನು ಇಂದು ಹೇಳಲಾಗುತ್ತಿದ್ದರೂ ಆ ಸಂಜ್ಞೆಯ ಹುಟ್ಟು ಬೇರೆ. ಪಾಣಿನಿಯು ‘ಸರ್ವ’ ಮೊದಲಾದ ಒಂದು ಶಬ್ದಗಣಕ್ಕೆ ‘ಸರ್ವನಾಮ’ವೆಂಬ ಹೆಸರನ್ನಿತ್ತನು. ಆ ಗಣದಲ್ಲಿ ‘ತದ್’, ‘ಏತದ್’, ‘ಇದಮ್’, ‘ಅದಸ್’ ಎಂಬ ನಾಲ್ಕು ನಿರ್ದೇಶಕ ಶಬ್ದಗಳೂ ಸೇರಿವೆ. ಎದುರಿಗಿರುವುದಕ್ಕೆ ‘ಇದಮ್’, ತೀರ ಸಮೀಪದಲ್ಲಿರುವುದಕ್ಕೆ ‘ಏತದ್’, ದೂರದಲ್ಲಿರುವುದಕ್ಕೆ ‘ಅದಸ್’, ಕಣ್ಣೆದುರಿಗೆ ಇಲ್ಲದ್ದಕ್ಕೆ ‘ತದ್’ ಎಂದು ಸಂಸ್ಕೃತ ಪಂಡಿತರು ಅವುಗಳ ಅರ್ಥವನ್ನು ವಿಭಾಗಿಸುತ್ತಾರೆ. ಮರಾಠಿ ವ್ಯಾಕರಣಕಾರರು ಇಂಥ ಶಬ್ದಗಳನ್ನು ‘ದರ್ಶಕ ಸರ್ವನಾಮ’ವೆಂದು ಕರೆಯುತ್ತಾರೆ, ಕನ್ನಡದಲ್ಲಿ ‘ನಿರ್ದೇಶಕ ಸರ್ವನಾಮ’ ಎಂಬ ಹೆಸರು ರೂಢಿಯಲ್ಲಿದೆ. ಎರಡರ ತಾತ್ಪರ್ಯವೂ ‘ತೋರಿಸುವುದು’ ಎಂದೇ.

ತೋರಿಸುವ ಕೆಲಸಕ್ಕೆ ಅಳತೆಗೋಲು ಆಡುವವನು ನಿಂತ ಜಾಗ. ಆದರೆ ಆ ದೂರವನ್ನು ಮೊಳ-ಮಾರುಗಳಲ್ಲಿ ಅಳೆಯಲಾಗುವುದಿಲ್ಲ. ದೂರವಾಣಿಯಲ್ಲಿ ಆ ತುದಿಯವರು ಯಾರೆಂದು ಕೇಳಬೇಕಾದಾಗ ಬ್ರಿಟಿಷರು ‘ದ್ಯಾಟ್’ ಎಂಬುದನ್ನು ಬಳಸುವುದು ಸಾಮಾನ್ಯ. ಅಮೆರಿಕದವರು ಅದೇ ಪ್ರಶ್ನೆಗೆ ‘ದಿಸ್’ ಎನ್ನುತ್ತಾರೆ. ತಂತಿಯ ಉದ್ದ ಇಬ್ಬರಿಗೂ ಒಂದೇ. ಒಬ್ಬರಿಗೆ ಆ ದನಿ ದೂರದ್ದಾಗಿ, ಇನ್ನೊಬ್ಬರಿಗೆ ಕಿವಿಯ ಹತ್ತಿರದ್ದಾಗಿ ತೋರುತ್ತದೆ. ಸಮೀಪ-ದೂರಗಳು ಮನಸ್ಸಿನ ಅಂತರಗಳೆಂಬುದಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನ ಬೇಕಿಲ್ಲ.

೨. ಕನ್ನಡದ ಏರ್ಪಾಡು

ಕನ್ನಡದಲ್ಲಿ ಈ ವ್ಯವಸ್ಥೆ ಅತ್ಯಂತ ಕ್ರಮಬದ್ಧವಾಗಿದೆ. ಸಮೀಪಕ್ಕೆ ‘ಇ’ಕಾರ, ದೂರಕ್ಕೆ ‘ಅ’ಕಾರ, ಪ್ರಶ್ನೆಗೆ ‘ಎ’ಕಾರ ಅಥವಾ ‘ಯಾ’ಕಾರ. ಇಲ್ಲಿ, ಅಲ್ಲಿ, ಎಲ್ಲಿ. ಇಷ್ಟು, ಅಷ್ಟು, ಎಷ್ಟು. ಇಂಥ, ಅಂಥ, ಎಂಥ. ಹೀಗೆ, ಹಾಗೆ, ಹೇಗೆ. ಈಗ, ಆಗ, ಯಾವಾಗ. ಇವನು, ಅವನು, ಯಾವನು. ಒಂದು ಸ್ವರವನ್ನು ಬದಲಿಸಿದರೆ ದಿಕ್ಕೇ ಬದಲಾಗುತ್ತದೆ. ಹಳಗನ್ನಡದಲ್ಲಿ ಇವೆರಡರ ನಡುವೆ ‘ಉ’ಕಾರದ ಇನ್ನೊಂದು ಸಾಲೂ ಇತ್ತು. ತೀರ ಹತ್ತಿರವೂ ಅಲ್ಲದ, ತೀರ ದೂರವೂ ಅಲ್ಲದ ವಸ್ತುವಿಗೆ ‘ಉದು’ ಎಂದೂ, ಅಂಥ ಪುರುಷನಿಗೆ ‘ಉವಂ’ ಎಂದೂ ಹೇಳುತ್ತಿದ್ದರು. ಪ್ರಾಚೀನ ತಮಿಳಿನಲ್ಲಿಯೂ ಇದೇ ಮೂರು ಸ್ವರಗಳ ಏರ್ಪಾಡು ಇದ್ದಿತು. ಕನ್ನಡದಲ್ಲಿ ನಡುವಿನ ಸಾಲು ಕಾಲಕ್ರಮೇಣ ಅಳಿದು ಎರಡೇ ಉಳಿದವು. ಇಂಗ್ಲಿಷಿನಲ್ಲಿಯೂ ‘ಯಾನ್’, ‘ಯಾಂಡರ್’ ಎಂಬ ಮೂರನೆಯ ನಿರ್ದೇಶಕಗಳು ಒಂದು ಕಾಲಕ್ಕೆ ಬಳಕೆಯಲ್ಲಿದ್ದು, ಇಂದು ಹಳೆಯ ಪದ್ಯಗಳಲ್ಲಿಯೂ ಕೆಲವು ಪ್ರಾಂತೀಯ ನುಡಿಗಳಲ್ಲಿಯೂ ಮಾತ್ರ ಉಳಿದಿವೆ. ದೂರದ ಎರಡು ಭಾಷೆಗಳು ಈ ವಿಷಯದಲ್ಲಿ ಒಂದೇ ಹಾದಿ ಹಿಡಿದುವೆಂಬುದು ಕುತೂಹಲಕರವಾದ ಸಂಗತಿ.

ಮರಾಠಿಯಲ್ಲಿಯೂ ಇಂಥ ಸಾಲುಗಳಿವೆ: ಇಕಡೇ, ತಿಕಡೇ, ಕುಠೇ, ಅಸಾ, ತಸಾ, ಕಸಾ. ಇಂಗ್ಲಿಷಿನ ‘ಹಿಯರ್’, ‘ದೇರ್’, ‘ವೇರ್’ ಎಂಬವೂ ಇದೇ ಬಗೆಯವು. ಆದಕಾರಣ ಪುಣೆಯ ಕನ್ನಡ ವಿದ್ಯಾರ್ಥಿಗೆ ಸಮೀಪ-ದೂರಗಳ ಕಲ್ಪನೆಯನ್ನು ಹೊಸದಾಗಿ ಕಲಿಸಬೇಕಾದುದಿಲ್ಲ. ಅವನು ಎಡವುವುದು ಬೇರೆ ಕಡೆಗೆ.

೩. ಎರಡು ಹುದ್ದೆ, ಒಂದು ಶಬ್ದ

‘ಈ ಮನೆ’ ಎನ್ನುವಲ್ಲಿ ‘ಈ’ ಎಂಬುದು ಮನೆಯೆಂಬ ನಾಮಪದಕ್ಕೆ ವಿಶೇಷಣವಾಗಿ ನಿಂತಿದೆ. ‘ಇದು ಮನೆ’ ಎನ್ನುವಲ್ಲಿ ‘ಇದು’ ಎಂಬುದು ತಾನೇ ಕರ್ತೃಸ್ಥಾನದಲ್ಲಿ ನಿಂತ ಸರ್ವನಾಮ. ಮೊದಲನೆಯದು ಪದಪುಂಜ, ಎರಡನೆಯದು ಪೂರ್ಣವಾಕ್ಯ. ಕನ್ನಡದಲ್ಲಿ ಈ ಎರಡು ಹುದ್ದೆಗಳಿಗೆ ಎರಡು ಬೇರೆ ಶಬ್ದಗಳಿದ್ದು ಒಂದರ ಜಾಗದಲ್ಲಿ ಇನ್ನೊಂದು ಬರಲಾರದು. ‘ಇದು ಪುಸ್ತಕವನ್ನು ಓದು’ ಎಂದು ಕನ್ನಡಿಗನು ಹೇಳನು. ‘ಈ ಚೆನ್ನಾಗಿದೆ’ ಎಂದೂ ಹೇಳನು.

ಇಂಗ್ಲಿಷಿನಲ್ಲಿ ಈ ಭೇದವಿಲ್ಲ. ‘ದಿಸ್ ಹೌಸ್’ ಎಂದರೆ ಈ ಮನೆ. ‘ದಿಸ್ ಈಸ್ ಎ ಹೌಸ್’ ಎಂದರೆ ಇದು ಮನೆ. ಎರಡೂ ಕಡೆ ಶಬ್ದ ಒಂದೇ. ಮೊದಲನೆಯದನ್ನು ನಿರ್ದೇಶಕ ವಿಶೇಷಣವೆಂದೂ ಎರಡನೆಯದನ್ನು ನಿರ್ದೇಶಕ ಸರ್ವನಾಮವೆಂದೂ ಇಂಗ್ಲಿಷ್ ವ್ಯಾಕರಣಗಳು ಹೆಸರಿಸುತ್ತವಾದರೂ, ಶಬ್ದರೂಪದಲ್ಲಿ ಅಂತರ ಕಾಣದಿರುವುದರಿಂದ ಇಂಗ್ಲಿಷ್ ಬಾಲಕನಿಗೆ ಆ ಹೆಸರುಗಳು ಒಣ ಪಾಠವಾಗಿ ತೋರುತ್ತವೆ. ಕನ್ನಡ ಬಾಲಕನಿಗಾದರೋ ಆ ಭೇದ ಹುಟ್ಟಿನಿಂದಲೇ ಬಂದದ್ದು. ‘ದಿಸ್’ ಎಂಬುದನ್ನು ‘ಈ’ ಎಂದು ಅನುವಾದಿಸಬೇಕಾದಲ್ಲಿ ಅದು ವಿಶೇಷಣ, ‘ಇದು’ ಎಂದು ಅನುವಾದಿಸಬೇಕಾದಲ್ಲಿ ಸರ್ವನಾಮ—ಇಷ್ಟು ಹೇಳಿದರೆ ಇಡೀ ಪ್ರಕರಣ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಇಂಗ್ಲಿಷನ್ನು ಇಂಗ್ಲಿಷಿನ ಮೂಲಕವೇ ಕಲಿಸಬೇಕೆಂಬ ಹಟದಲ್ಲಿ ಈ ಸುಲಭೋಪಾಯವನ್ನು ಕೈಬಿಡುವುದು ಉಚಿತವಲ್ಲ.

ಇನ್ನು ಮರಾಠಿಯ ಮಾತು. ಅಲ್ಲಿಯೂ ಇಂಗ್ಲಿಷಿನಂತೆ ಎರಡು ಹುದ್ದೆಗಳಿಗೆ ಒಂದೇ ಶಬ್ದ. ಆದರೆ ಆ ಶಬ್ದ ನಾಮಪದದ ಲಿಂಗ-ವಚನಗಳನ್ನು ಅನುಸರಿಸಿ ರೂಪ ಬದಲಿಸುತ್ತದೆ. ‘ಹಾ ಆಂಬಾ’, ‘ಹೀ ಖುರ್ಚೀ’, ‘ಹೇ ಪುಸ್ತಕ’. ಪುಸ್ತಕಗಳು ಹಲವಾದರೆ ‘ಹೀ ಪುಸ್ತಕೇ’. ಕನ್ನಡದ ‘ಈ’ ಯಾವುದಕ್ಕೂ ಜಗ್ಗುವುದಿಲ್ಲ: ಈ ಮಾವು, ಈ ಕುರ್ಚಿ, ಈ ಪುಸ್ತಕ, ಈ ಪುಸ್ತಕಗಳು, ಈ ಹುಡುಗ, ಈ ಹುಡುಗಿಯರು. ಇಂಗ್ಲಿಷ್ ಇವೆರಡರ ನಡುವಣದು. ಲಿಂಗವನ್ನು ಗಣಿಸದು, ವಚನವನ್ನು ಗಣಿಸುತ್ತದೆ. ಕನ್ನಡವನ್ನು ಮಾತ್ರ ಬಲ್ಲ ವಿದ್ಯಾರ್ಥಿ ‘ದಿಸ್ ಬುಕ್ಸ್’ ಎಂದು ಬರೆಯುವ ತಪ್ಪಿನ ಮೂಲ ಇಲ್ಲಿದೆ. ‘ಈ’ಗೆ ಬಹುವಚನವಿಲ್ಲವಾದ್ದರಿಂದ ‘ದಿಸ್’ ಎಂಬುದಕ್ಕೂ ಇಲ್ಲವೆಂದು ಅವನು ಭಾವಿಸುತ್ತಾನೆ. ಇದು ಅಜಾಗರೂಕತೆಯಿಂದಾದ ತಪ್ಪಲ್ಲ, ತಾಯ್ನುಡಿಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದುದರ ಫಲ. ಪುಣೆಯ ಕನ್ನಡ ವಿದ್ಯಾರ್ಥಿಗೆ ಇಲ್ಲಿ ಮರಾಠಿ ನೆರವಾಗಬಲ್ಲದು. ‘ಹೇ ಪುಸ್ತಕ’ ಎಂಬುದು ‘ಹೀ ಪುಸ್ತಕೇ’ ಆಗುವಂತೆ ‘ದಿಸ್ ಬುಕ್’ ಎಂಬುದು ‘ದೀಜ್ ಬುಕ್ಸ್’ ಆಗುತ್ತದೆಂದರೆ ಅವನಿಗೆ ಹಿಡಿಯುತ್ತದೆ. ಹೀಗೆ ವಿಶೇಷಣ-ಸರ್ವನಾಮಗಳ ಭೇದಕ್ಕೆ ಕನ್ನಡವೂ, ವಚನಭೇದಕ್ಕೆ ಮರಾಠಿಯೂ ಇಂಗ್ಲಿಷ್ ಪಾಠಕ್ಕೆ ಮೆಟ್ಟಿಲಾಗುತ್ತವೆ. ಮೂರು ಭಾಷೆಗಳ ನಡುವೆ ಬೆಳೆಯುವುದು ಮಕ್ಕಳಿಗೆ ಹೊರೆಯೆಂಬ ಮಾತನ್ನು ಆಗಾಗ ಕೇಳುವವರು ಈ ಅಂಶವನ್ನು ಗಮನಿಸಬೇಕು.

ವ್ಯಕ್ತಿಗಳನ್ನು ಪರಿಚಯಿಸುವಲ್ಲಿ ಇನ್ನೊಂದು ಭೇದವಿದೆ. ಕನ್ನಡಿಗನು ‘ಇವನು ನನ್ನ ತಮ್ಮ’, ‘ಇವಳು ನನ್ನ ತಂಗಿ’, ‘ಇವರು ನಮ್ಮ ತಂದೆ’ ಎನ್ನುತ್ತಾನೆ. ಮರಾಠಿಗನು ‘ಹಾ ಮಾಝಾ ಭಾಊ’ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ‘ದಿಸ್’ ಒಂದೇ ಸಾಕು. ‘ಇವನು’ ಎಂಬುದಕ್ಕೆ ನೇರವಾಗಿ ‘ಹೀ’ ಎಂದು ಹಾಕಿ ‘ಹೀ ಈಸ್ ಮೈ ಬ್ರದರ್’ ಎಂದು ಪರಿಚಯಿಸಿದರೆ ವಾಕ್ಯ ಅಶುದ್ಧವಲ್ಲದಿದ್ದರೂ ಸಂದರ್ಭಕ್ಕೆ ಒಪ್ಪುವುದಿಲ್ಲ. ಪರಿಚಯವಾದ ಮೇಲೆ ಮಾತ್ರ ‘ಹೀ’. ಪ್ರತಿಯಾಗಿ, ಇಂಗ್ಲಿಷಿನ ‘ದಿಸ್ ಈಸ್ ಮೈ ಫಾದರ್’ ಎಂಬುದನ್ನು ಪದಶಃ ಕನ್ನಡಕ್ಕೆ ತಂದು ‘ಇದು ನಮ್ಮ ತಂದೆ’ ಎನ್ನುವುದು ತಂದೆಯನ್ನು ವಸ್ತುವಿನ ಸಾಲಿಗೆ ಇಳಿಸಿದಂತಾಗುತ್ತದೆ. ನಿತ್ಯ ಇಂಗ್ಲಿಷಿನಲ್ಲಿ ಓದುವ ಮಕ್ಕಳ ಬಾಯಿಂದ ಇಂಥ ವಾಕ್ಯ ಬಂದಾಗ ನಕ್ಕು ಸುಮ್ಮನಾಗದೆ ತಿದ್ದುವುದು ಹಿರಿಯರ ಕರ್ತವ್ಯ.

೪. ‘ಅವನು’ ಮತ್ತು ‘ಹೀ’

ಶಾಲೆಯ ಕನ್ನಡ ವ್ಯಾಕರಣಗಳಲ್ಲಿ ‘ನಾನು, ನೀನು, ಅವನು’ ಎಂಬವು ಪುರುಷಾರ್ಥಕ ಸರ್ವನಾಮಗಳೆಂದು ಒಂದು ಕಡೆಗೂ, ‘ಇವನು, ಅವನು’ ಎಂಬವು ನಿರ್ದೇಶಕಗಳೆಂದು ಇನ್ನೊಂದು ಕಡೆಗೂ ಕಾಣುವುದುಂಟು. ‘ಅವನು’ ಎಂಬ ಒಂದೇ ಶಬ್ದ ಎರಡು ಮನೆಗಳಲ್ಲಿ ವಾಸಿಸುವುದು ಹೇಗೆಂಬ ಪ್ರಶ್ನೆ ವಿದ್ಯಾರ್ಥಿಗೆ ಸಹಜವಾಗಿಯೇ ಏಳಬೇಕು. ಇಂಗ್ಲಿಷಿನಲ್ಲಿ ಈ ತೊಡಕಿಲ್ಲ. ಅಲ್ಲಿ ‘ಹೀ’, ‘ಷೀ’, ‘ಇಟ್’ ಎಂಬವು ಬೇರೆ, ‘ದಿಸ್’, ‘ದ್ಯಾಟ್’ ಎಂಬವು ಬೇರೆ. ‘ಹೀ’ ಎಂದವನು ಯಾರನ್ನೂ ಬೆರಳಿಟ್ಟು ತೋರಿಸುವುದಿಲ್ಲ. ಮಾತಿನಲ್ಲಿ ಆಗಲೇ ಬಂದಿರುವ ಒಬ್ಬನನ್ನು ಮತ್ತೆ ನೆನೆಯುತ್ತಾನೆ ಅಷ್ಟೆ.

ಈ ಪ್ರಶ್ನೆಯನ್ನು ಲೋಕದ ಭಾಷೆಗಳ ಹರವಿನಲ್ಲಿಟ್ಟು ಪರಿಶೀಲಿಸಿದವರಲ್ಲಿ ಕನ್ನಡಿಗರೇ ಆದ ಡಿ. ಎನ್. ಶಂಕರ ಭಟ್ಟರು ಪ್ರಮುಖರು. ಅವರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರದ ಸಂಶೋಧನೆ ನಡೆಸಿದವರು. ತುಳುವಿನ ವರ್ಣನಾತ್ಮಕ ವಿಶ್ಲೇಷಣೆ ೧೯೬೭ರಲ್ಲಿಯೂ, ಹವ್ಯಕ ಕನ್ನಡದ ವ್ಯಾಕರಣ ೧೯೭೧ರಲ್ಲಿಯೂ ಆ ಸಂಸ್ಥೆಯಿಂದಲೇ ಪ್ರಕಟವಾದುವು. ಸರ್ವನಾಮಗಳನ್ನು ಕುರಿತು ೨೦೦೪ರಲ್ಲಿ ಹೊರಬಂದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಅವರು ಭಾಷೆಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಕೆಲವು ಭಾಷೆಗಳಲ್ಲಿ ನಿಜವಾದ ಪುರುಷಸರ್ವನಾಮಗಳು ಆಡುವವನಿಗೂ ಕೇಳುವವನಿಗೂ ಮಾತ್ರ ಇರುತ್ತವೆ. ಮೂರನೆಯವನನ್ನು ಹೇಳಲು ನಿರ್ದೇಶಕಗಳನ್ನೇ ಬಳಸಲಾಗುತ್ತದೆ. ಇವು ಇಬ್ಬರು ಪುರುಷರ ಭಾಷೆಗಳು. ಇನ್ನು ಕೆಲವು ಭಾಷೆಗಳಲ್ಲಿ ಮೂರನೆಯವನಿಗೂ ಪ್ರತ್ಯೇಕ ಸರ್ವನಾಮವಿದೆ. ಅವು ಮೂವರು ಪುರುಷರ ಭಾಷೆಗಳು. ಕನ್ನಡದಲ್ಲಿ ‘ನಾನು’, ‘ನೀನು’ ಎಂಬವು ಮಾತ್ರ ಸ್ವತಂತ್ರ ಪುರುಷಸರ್ವನಾಮಗಳು. ‘ಅವನು’ ಎಂಬುದು ಬುಡದಲ್ಲಿ ‘ಆ ಗಂಡಸು’ ಎಂದು ತೋರಿಸುವ ಶಬ್ದವೇ. ೨೦೦೫ರಲ್ಲಿ ಪ್ರಕಟವಾದ ಲೋಕಭಾಷೆಗಳ ರಚನೆಯ ಬೃಹತ್ ನಕಾಶೆಸಂಪುಟಕ್ಕೂ ಭಟ್ಟರೇ ಈ ವಿಷಯದ ಅಧ್ಯಾಯವನ್ನು ಬರೆದರು. ಅಲ್ಲಿ ಪರಿಶೀಲಿಸಿದ ೨೨೫ ಭಾಷೆಗಳಲ್ಲಿ ೧೦೦ರಲ್ಲಿ ಮಾತ್ರ ಪ್ರಥಮಪುರುಷ ಸರ್ವನಾಮಕ್ಕೂ ನಿರ್ದೇಶಕಕ್ಕೂ ಸಂಬಂಧವಿಲ್ಲ. ಉಳಿದ ೧೨೫ರಲ್ಲಿ ಯಾವುದಾದರೊಂದು ಬಗೆಯ ನಂಟು ಇದೆ. ಆದ್ದರಿಂದ ಇಂಗ್ಲಿಷಿನ ಏರ್ಪಾಡೇ ಸಹಜ, ಕನ್ನಡದ್ದು ಅಪವಾದ ಎಂಬ ಭಾವನೆಗೆ ಆಧಾರವಿಲ್ಲ. ಇಂಗ್ಲಿಷಿನ ‘ದೇ’ ಎಂಬ ಬಹುವಚನವೂ ಸ್ಕ್ಯಾಂಡಿನೇವಿಯದ ನುಡಿಯಿಂದ ಬಂದದ್ದಾಗಿದ್ದು, ಅಲ್ಲಿ ಅದು ಮೂಲತಃ ನಿರ್ದೇಶಕವೇ ಆಗಿತ್ತು.

ಇದರ ಪರಿಣಾಮ ಅನುವಾದದಲ್ಲಿ ಕಾಣುತ್ತದೆ. ಕನ್ನಡ ಕಥೆಗಾರನು ಇಬ್ಬರು ಗಂಡಸರ ಜಗಳವನ್ನು ವರ್ಣಿಸುತ್ತ ‘ಇವನು ಕೈಯೆತ್ತಿದ, ಅವನು ಹಿಂದೆ ಸರಿದ’ ಎಂದು ಬರೆದರೆ ಯಾರು ಯಾರೆಂಬುದು ಸ್ಪಷ್ಟ. ಯಾರ ಪಕ್ಕದಲ್ಲಿ ನಿಂತು ಕಥೆ ಹೇಳಲಾಗುತ್ತಿದೆಯೆಂಬುದೂ ಸ್ಪಷ್ಟ. ಇಂಗ್ಲಿಷಿನಲ್ಲಿ ಇಬ್ಬರೂ ‘ಹೀ’ ಆಗುತ್ತಾರೆ. ಅನುವಾದಕನು ಹೆಸರುಗಳನ್ನು ಮರುಕಳಿಸಬೇಕು, ಇಲ್ಲವೆ ಮೊದಲಿನವನು-ಎರಡನೆಯವನು ಎಂದು ಸುತ್ತಿ ಹೇಳಬೇಕು. ಪ್ರತಿಯಾಗಿ ಇಂಗ್ಲಿಷಿನ ಪ್ರತಿಯೊಂದು ‘ಹೀ’ಯನ್ನೂ ಕಣ್ಣು ಮುಚ್ಚಿ ‘ಅವನು’ ಎಂದೇ ತರುವ ಅನುವಾದಗಳಲ್ಲಿ ಕಥಾನಾಯಕನು ಓದುಗನಿಂದ ಉದ್ದಕ್ಕೂ ದೂರದಲ್ಲಿಯೇ ಉಳಿಯುತ್ತಾನೆ.

ಗೌರವದ ವಿಷಯವೂ ಇಲ್ಲಿಯೇ ಬರುತ್ತದೆ. ಅವನು, ಆತ, ಅವರು. ಅವಳು, ಆಕೆ, ಅವರು ಎಂಬ ಮೆಟ್ಟಿಲುಗಳು ಕನ್ನಡದಲ್ಲಿವೆ. ಧಾರವಾಡ-ವಿಜಯಪುರಗಳ ಕಡೆಯ ಆಡುನುಡಿಯಲ್ಲಿ ‘ಆಂವ’, ‘ಆಕಿ’ ಎಂಬವು ದಿನಬಳಕೆಯ ರೂಪಗಳು. ಗಂಡನ ಹೆಸರು ಹೇಳದ ಹಿಂದಿನ ಗೃಹಿಣಿಯರು ‘ಇವರು ಊರಲ್ಲಿಲ್ಲ’ ಎನ್ನುತ್ತಿದ್ದರು. ಅದೇ ಕಾಲದ ಮರಾಠಿ ಗೃಹಿಣಿಯರು ‘ಹೇ ಗಾವಾತ ನಾಹೀತ’ ಎನ್ನುತ್ತಿದ್ದರು. ಗಂಡನು ನೂರು ಹರದಾರಿ ದೂರದಲ್ಲಿದ್ದರೂ ಬಳಸುವ ಶಬ್ದ ಮಾತ್ರ ಸಮೀಪದ್ದು. ‘ಅವರು’ ಎಂದರೆ ಯಾರೋ ಬೇರೆಯವರಾದಂತೆ. ಕನ್ನಡ-ಮರಾಠಿ ಮನೆತನಗಳೆರಡಕ್ಕೂ ಅರ್ಥವಾಗುವ ಈ ಸೂಕ್ಷ್ಮವನ್ನು ‘ದಿಸ್’ನಿಂದಾಗಲಿ ‘ಹೀ’ಯಿಂದಾಗಲಿ ಇಂಗ್ಲಿಷಿಗೆ ತರುವ ಬಗೆಯಿಲ್ಲ.

೫. ‘ಅದು’ ಎಂಬುದರ ಒಳಬೇರು

ಕನ್ನಡದ ನಿರ್ದೇಶಕವು ಸ್ವತಂತ್ರವಾಗಿ ನಿಲ್ಲುವುದಷ್ಟೇ ಅಲ್ಲದೆ ಇತರ ಪದಗಳ ಒಳಗೂ ಬೇರುಬಿಟ್ಟಿದೆ. ‘ನನ್ನ’ ಎಂಬುದಕ್ಕೆ ‘ಅದು’ ಸೇರಿ ‘ನನ್ನದು’; ‘ದೊಡ್ಡ’ ಎಂಬುದಕ್ಕೆ ಸೇರಿ ‘ದೊಡ್ಡದು’; ‘ಬಂದ’ ಎಂಬುದಕ್ಕೆ ‘ಅವನು’ ಸೇರಿ ‘ಬಂದವನು’. ಮರಾಠಿಯಲ್ಲಿ ‘ಜೋ ಆಲಾ ತೋ’ ಎಂದು ಎರಡು ಸರ್ವನಾಮಗಳಿಂದಲೂ, ಇಂಗ್ಲಿಷಿನಲ್ಲಿ ‘ಹೀ ಹೂ ಕೇಮ್’ ಎಂದು ಮೂರು ಪದಗಳಿಂದಲೂ ಹೇಳಬೇಕಾದುದನ್ನು ಕನ್ನಡವು ‘ಬಂದವನು’ ಎಂಬ ಒಂದೇ ಪದದಲ್ಲಿ ಮುಗಿಸುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಇಂಥ ಸಮಾಸಗಳಲ್ಲಿ ಸೇರುವುದು ದೂರಸೂಚಕ ರೂಪ ಮಾತ್ರ. ‘ಬಂದಿವನು’ ಎಂಬ ಪದವಿಲ್ಲ. ‘ನನ್ನಿದು’ ಎಂಬುದೂ ಇಲ್ಲ. ಸಮೀಪಸೂಚಕವು ಎಂದೂ ಬೆರಳನ್ನು ಮಡಚುವುದಿಲ್ಲ. ದೂರಸೂಚಕವಾದರೋ ತೋರಿಸುವ ಕೆಲಸವನ್ನು ಬಿಟ್ಟು ಬರಿಯ ‘ಒಬ್ಬನು’, ‘ಒಂದು’ ಎಂಬ ಅರ್ಥಕ್ಕೆ ಇಳಿಯಬಲ್ಲದು. ‘ಹೀ’ ಎಂಬುದಕ್ಕೆ ಸಾಮಾನ್ಯವಾಗಿ ‘ಇವನು’ ಎನ್ನದೆ ‘ಅವನು’ ಎನ್ನುವುದಕ್ಕೂ ಕಾರಣ ಇದೇ.

ಈ ಒಳಬೇರಿನ ಅರಿವು ಇಂಗ್ಲಿಷಿನ ಒಂದು ಕಠಿಣ ಪ್ರಯೋಗಕ್ಕೆ ಕೀಲಿಕೈಯಾಗುತ್ತದೆ. ‘ಪುಣೆಯ ಹವೆ ಸೊಲ್ಲಾಪುರದ್ದಕ್ಕಿಂತ ತಂಪು’ ಎಂಬ ವಾಕ್ಯವನ್ನು ಇಂಗ್ಲಿಷಿಗೆ ತರುವಾಗ, ಪುಣೆಯ ಹವೆಯನ್ನು ಸೊಲ್ಲಾಪುರವೆಂಬ ಊರಿನೊಡನೆ ಹೋಲಿಸಿಬಿಡುವ ತಪ್ಪು ಪದವೀಧರರಲ್ಲಿಯೂ ಉಂಟು. ಶುದ್ಧ ಇಂಗ್ಲಿಷಿನಲ್ಲಿ ‘ದ್ಯಾನ್ ದ್ಯಾಟ್ ಆಫ್ ಸೋಲಾಪುರ್’ ಎನ್ನಬೇಕು. ಆ ‘ದ್ಯಾಟ್’ ಎಲ್ಲಿಂದ ಬಂತೆಂದು ವಿದ್ಯಾರ್ಥಿ ಕೇಳಿದರೆ ಉತ್ತರ ಅವನ ನುಡಿಯಲ್ಲಿಯೇ ಇದೆ. ‘ಸೊಲ್ಲಾಪುರದ್ದು’ ಎಂಬಲ್ಲಿ ಅಡಗಿರುವ ‘ಅದು’ ಎಂಬುದೇ ಆ ‘ದ್ಯಾಟ್’. ಹವೆಗೆ ಬದಲು ರಸ್ತೆಗಳ ಮಾತಾದರೆ ‘ಸೊಲ್ಲಾಪುರದವು’ ಆಗುವಂತೆ ‘ದೋಜ್ ಆಫ್ ಸೋಲಾಪುರ್’ ಆಗುತ್ತದೆ.

‘ದ್ಯಾಟ್’ ಎಂಬುದರ ಬೇರೆ ಉದ್ಯೋಗಗಳನ್ನೂ ಇಲ್ಲಿಯೇ ಬೇರ್ಪಡಿಸಿ ಹೇಳುವುದು ಒಳಿತು. ಹಳೆಯ ಇಂಗ್ಲಿಷಿನ ಒಂದು ನಿರ್ದೇಶಕದಿಂದ ಕಾಲಾನುಕ್ರಮದಲ್ಲಿ ಹಲವು ಶಬ್ದಗಳು ಒಡೆದು ಬಂದುವು. ‘ದ್ಯಾಟ್’ ಎಂಬ ನಿರ್ದೇಶಕ. ಅದೇ ರೂಪದ ಸಂಬಂಧವಾಚಕ. ‘ಅವನು ಬಂದನೆಂದು ಕೇಳಿದೆ’ ಎಂಬಲ್ಲಿಯ ‘ಎಂದು’ ಎಂಬುದರ ಕೆಲಸ ಮಾಡುವ ಅವ್ಯಯ. ಕೊನೆಗೆ ‘ದಿ’ ಎಂಬ ಉಪಪದವೂ ಅದೇ ಕುಟುಂಬದ್ದು. ಕನ್ನಡದಲ್ಲಿ ಉಪಪದವಿಲ್ಲ, ಆ ಕೆಲಸದಲ್ಲಿ ಒಂದು ಭಾಗವನ್ನು ‘ಆ’ ನಿರ್ವಹಿಸುತ್ತದೆ. ‘ಒಂದು ಊರಿನಲ್ಲಿ ಒಬ್ಬ ಅರಸನಿದ್ದ. ಆ ಅರಸನಿಗೆ ಮೂವರು ಮಕ್ಕಳು’ ಎನ್ನುವಲ್ಲಿ ‘ಆ’ ಯಾರನ್ನೂ ದೂರದಲ್ಲಿ ತೋರಿಸುತ್ತಿಲ್ಲ, ಈಗ ತಾನೇ ಹೇಳಿದವನೆಂದು ನೆನಪಿಸುತ್ತದೆ. ಇಂಗ್ಲಿಷಿನಲ್ಲಿ ಇಲ್ಲಿ ‘ದ್ಯಾಟ್ ಕಿಂಗ್’ ಎನ್ನದೆ ‘ದಿ ಕಿಂಗ್’ ಎನ್ನಬೇಕು. ಪ್ರತಿಯೊಂದು ‘ಆ’ಗೂ ‘ದ್ಯಾಟ್’ ಹಾಕಿದ ಇಂಗ್ಲಿಷ್ ಗದ್ಯ ಬೆರಳು ಚಾಚಿಯೇ ಮಾತನಾಡುವವನಂತೆ ತೋರುತ್ತದೆ.

೬. ಕುಪ್ವಾರದ ನಿದರ್ಶನ

ಇದುವರೆಗಿನ ವಿವೇಚನೆಯಲ್ಲಿ ಕನ್ನಡದ ಕೆಲವು ಭೇದಗಳು ಇಂಗ್ಲಿಷ್ ಕಲಿಕೆಗೆ ಹೇಗೆ ನೆರವಾಗುತ್ತವೆಂಬುದನ್ನು ನೋಡಿದ್ದಾಯಿತು. ಆ ಭೇದಗಳೇ ಅಳಿದರೆ ಆಗುವುದೇನು ಎಂಬುದಕ್ಕೆ ನಿದರ್ಶನ ಪುಣೆಯ ದಕ್ಷಿಣಕ್ಕೆ, ಸಾಂಗಲಿ ಜಿಲ್ಲೆಯಲ್ಲಿ ದೊರೆಯುತ್ತದೆ. ಅಮೆರಿಕದ ವಿದ್ವಾಂಸರಾದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬವರು ಆ ಜಿಲ್ಲೆಯ ಒಂದು ಹಳ್ಳಿಯ ನುಡಿಗಳನ್ನು ಕುರಿತು ೧೯೭೧ರಲ್ಲಿ ಪ್ರಕಟಿಸಿದ ಪ್ರಬಂಧ ಭಾಷಾಶಾಸ್ತ್ರದಲ್ಲಿ ಇಂದಿಗೂ ಪದೇ ಪದೇ ಉಲ್ಲೇಖಿತವಾಗುತ್ತಿದೆ. ಪ್ರಬಂಧದಲ್ಲಿ ಆ ಹಳ್ಳಿಯ ಹೆಸರು ಕುಪ್ವಾರ. ಅಲ್ಲಿ ಜೈನರು ಕನ್ನಡವನ್ನೂ, ಮುಸಲ್ಮಾನರು ಉರ್ದುವನ್ನೂ, ಬೇರೆ ಕೆಲವರು ಮರಾಠಿಯನ್ನೂ ಮನೆಯ ನುಡಿಯಾಗಿ ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದರು. ಶಬ್ದಗಳು ಬೇರೆಯಾಗಿಯೇ ಉಳಿದರೂ ವಾಕ್ಯರಚನೆ ಮಾತ್ರ ಮೂರರಲ್ಲಿಯೂ ಒಂದೇ ಅಚ್ಚಿಗೆ ಬಂದಿತ್ತು.

ಅಲ್ಲಿಯ ಕನ್ನಡದಲ್ಲಿ ಆದ ಬದಲಾವಣೆಗಳಲ್ಲಿ ಒಂದು ಪ್ರಸ್ತುತ ವಿಷಯಕ್ಕೇ ಸೇರಿದ್ದು. ಗ್ರಾಂಥಿಕ ಕನ್ನಡದಲ್ಲಿ ‘ಇದು ನಿಮ್ಮ ಮನೆ’ ಎಂಬುದು ಒಂದು ವಾಕ್ಯ, ‘ಈ ಮನೆ ನಿಮ್ಮದು’ ಎಂಬುದು ಇನ್ನೊಂದು. ಇದು-ಈ, ನಿಮ್ಮ-ನಿಮ್ಮದು ಎಂಬ ಎರಡು ಜೋಡಿಗಳು ಸ್ಥಾನ ಬದಲಿಸುವುದರಿಂದಲೇ ಅರ್ಥ ಬದಲಾಗುತ್ತದೆ. ಕುಪ್ವಾರದ ಕನ್ನಡದಲ್ಲಿ ಇವು ‘ಇದ್ ನಿಮ್ದ್ ಮನಿ ಐತಿ’, ‘ಇದ್ ಮನಿ ನಿಮ್ದ್ ಐತಿ’ ಎಂದಾಗಿವೆ. ‘ಈ’ ಹೋಯಿತು, ‘ನಿಮ್ಮ’ ಹೋಯಿತು. ಎರಡೂ ಕಡೆ ‘ಇದು’, ‘ನಿಮ್ಮದು’ ಎಂಬವೇ ನಿಂತುವು. ಮರಾಠಿಯ ‘ಹೇ ತುಮಚಂ ಘರ ಆಹೇ’, ‘ಹೇ ಘರ ತುಮಚಂ ಆಹೇ’ ಎಂಬ ವಾಕ್ಯಗಳನ್ನು ಪಕ್ಕದಲ್ಲಿಟ್ಟರೆ ಪದಕ್ಕೆ ಪದ ಹೊಂದುತ್ತದೆ. ಕನ್ನಡವನ್ನು ಕನ್ನಡವನ್ನಾಗಿಸುವ ಭೇದ ಅಲ್ಲಿ ಅಳಿದುಹೋಗಿತ್ತು.

ಇದನ್ನು ಅಪಭ್ರಂಶವೆಂದು ಹಳಿಯುವುದು ಯುಕ್ತವಲ್ಲ. ಆ ಹಳ್ಳಿಯವರು ಒಂದೇ ದಿನದಲ್ಲಿ ಮೂರು ಭಾಷೆಗಳ ನಡುವೆ ಓಡಾಡಬೇಕಾಗಿದ್ದು, ಒಂದೇ ಅಚ್ಚಿನ ವಾಕ್ಯ ಅವರ ಬಾಳನ್ನು ಸುಗಮಗೊಳಿಸಿತು. ಅವರ ನುಡಿಗೂ ತನ್ನದೇ ಆದ ಕಟ್ಟುನಿಟ್ಟಾದ ನಿಯಮಗಳುಂಟು. ಅಲ್ಲದೆ ಅಲ್ಲಿ ಕನ್ನಡಕ್ಕೆ ಅಕ್ಕಪಕ್ಕದ ಮನೆಗಳ ಆಸರೆಯಿತ್ತು. ವ್ಯಾಕರಣ ಬದಲಾದರೂ ನುಡಿ ಉಳಿಯಿತು.

ನಗರದ ಸ್ಥಿತಿ ಬೇರೆ. ಪುಣೆಯ ಕನ್ನಡ ಮನೆ ಬಹುಮಟ್ಟಿಗೆ ಒಂಟಿಮನೆ. ಅಲ್ಲಿಯ ಮಗು ‘ಇದು ಪೆನ್ ನನ್ನದು ಇದೆ’ ಎಂದು ಹೇಳಿದರೆ, ಅದು ಒಂದು ಸಮುದಾಯದ ನುಡಿ ಹೊಸ ನಿಯಮ ಪಡೆದುದರ ಗುರುತಲ್ಲ. ಒಂದು ಮನೆಯಲ್ಲಿ ಕನ್ನಡದ ನಿಯಮ ಸಡಿಲವಾಗುತ್ತಿರುವುದರ ಗುರುತು. ಮರಾಠಿಯ ‘ಹೇ’ ಮತ್ತು ಇಂಗ್ಲಿಷಿನ ‘ದಿಸ್’ ಎರಡೂ ವಿಶೇಷಣ-ಸರ್ವನಾಮಗಳನ್ನು ಒಂದು ಮಾಡುವ ಶಬ್ದಗಳಾದ್ದರಿಂದ, ಇಬ್ಬದಿಯಿಂದಲೂ ಒಂದೇ ಒತ್ತಡ ಬೀಳುತ್ತದೆ. ಹೊಸ ಪದಗಳನ್ನು ಎರವಲು ತಂದರೆ ಭಾಷೆಗೆ ಅಷ್ಟಾಗಿ ಕೇಡಿಲ್ಲ. ‘ಪೆನ್’ ಎಂಬ ಶಬ್ದದಿಂದ ಕನ್ನಡ ಬಡವಾಗದು. ಅದರ ಮುಂದೆ ಬರಬೇಕಾದ ‘ಈ’ ಹೋಗಿ ‘ಇದು’ ಬಂದಾಗ ಆಗುವ ನಷ್ಟ ದೊಡ್ಡದು. ಅದು ಕಿವಿಗೆ ಬೀಳುವುದೂ ಕಷ್ಟ.

೭. ಬೋಧನೆಯ ಕ್ರಮ

ಮೇಲ್ಕಂಡ ವಿವೇಚನೆಯಿಂದ ಮನೆಯಲ್ಲಿಯೂ ಸಂಘಗಳ ಕನ್ನಡ ತರಗತಿಗಳಲ್ಲಿಯೂ ಅನುಸರಿಸಬಹುದಾದ ಒಂದು ಕ್ರಮ ಹೊರಡುತ್ತದೆ. ಮೊದಲು ಕನ್ನಡದಲ್ಲಿಯೇ ‘ಈ’ ಮತ್ತು ‘ಇದು’, ‘ನನ್ನ’ ಮತ್ತು ‘ನನ್ನದು’ ಎಂಬ ಜೋಡಿಗಳನ್ನು ವಸ್ತುಗಳನ್ನು ತೋರಿಸಿ ಆಡಿಸಬೇಕು. ‘ಇದು ನನ್ನ ಪುಸ್ತಕ, ಈ ಪುಸ್ತಕ ನನ್ನದು’ ಎಂಬ ಎರಡು ವಾಕ್ಯಗಳನ್ನು ತಡೆಯಿಲ್ಲದೆ ತಿರುಗಿಸಬಲ್ಲ ಮಗು ಈ ಪ್ರಕರಣದ ಅರ್ಧವನ್ನು ಕಲಿತಂತೆ. ಆಮೇಲೆ ಅವೇ ವಾಕ್ಯಗಳನ್ನು ಇಂಗ್ಲಿಷಿಗೆ ತರಬೇಕು: ‘ದಿಸ್ ಈಸ್ ಮೈ ಬುಕ್, ದಿಸ್ ಬುಕ್ ಈಸ್ ಮೈನ್’. ‘ನನ್ನ-ನನ್ನದು’ ಎಂಬುದಕ್ಕೆ ಸರಿಯಾಗಿ ‘ಮೈ-ಮೈನ್’ ಎಂಬ ಜೋಡಿ ಇಂಗ್ಲಿಷಿನಲ್ಲಿಯೂ ಇದೆ, ‘ಈ-ಇದು’ ಎಂಬುದಕ್ಕೆ ಮಾತ್ರ ಜೋಡಿಯಿಲ್ಲ ಎಂಬುದನ್ನು ವಿದ್ಯಾರ್ಥಿಯೇ ಕಂಡುಕೊಳ್ಳುತ್ತಾನೆ. ಮೂರನೆಯದಾಗಿ ಬಹುವಚನ, ಇಲ್ಲಿ ಮರಾಠಿಯ ‘ಹೇ-ಹೀ’ ನೆರವಿಗೆ ಬರಲಿ. ನಾಲ್ಕನೆಯದಾಗಿ ವ್ಯಕ್ತಿಗಳು: ಪರಿಚಯಿಸುವಾಗ ‘ದಿಸ್’, ಪರಿಚಯದ ಅನಂತರ ‘ಹೀ’ ಅಥವಾ ‘ಷೀ’, ಕನ್ನಡದಲ್ಲಿ ಎಂದಿಗೂ ‘ಇವನು’, ‘ಇವಳು’, ‘ಇವರು’. ಐದನೆಯದಾಗಿ, ಕಥೆ ಹೇಳುವಾಗಿನ ‘ಆ’ ಎಂಬುದನ್ನು ‘ದಿ’ ಎಂದು ತರುವ ಅಭ್ಯಾಸ. ಕೊನೆಗೆ, ಮೇಲಿನ ತರಗತಿಗಳಲ್ಲಿ, ‘ದ್ಯಾಟ್ ಆಫ್’ ಮತ್ತು ‘ದೋಜ್ ಆಫ್’.

ಈ ಕ್ರಮದಲ್ಲಿ ಕನ್ನಡವು ಇಂಗ್ಲಿಷಿನ ಪಾಠಕ್ಕೆ ಅಡ್ಡಿಯಾಗದೆ ಅದರ ತಳಹದಿಯಾಗುತ್ತದೆ. ಇಂಗ್ಲಿಷ್ ಚೆನ್ನಾಗಿ ಬರಲೆಂದು ಮನೆಯ ಕನ್ನಡವನ್ನು ಕೈಬಿಡುವ ತಂದೆತಾಯಿಗಳು ಇಂಗ್ಲಿಷ್ ವ್ಯಾಕರಣವನ್ನು ಬೆಳಕಿಗೆ ಹಿಡಿಯುವ ಕನ್ನಡಿಯನ್ನೇ ಒಡೆದಂತಾಗುತ್ತದೆ. ‘ದಿಸ್’ ಎಂಬ ಶಬ್ದದಲ್ಲಿ ಎರಡು ಹುದ್ದೆಗಳು ಅಡಗಿವೆಯೆಂದು ‘ಈ’ ಮತ್ತು ‘ಇದು’ ಎಂಬುದನ್ನು ಬಲ್ಲವನಿಗೆ ಕಾಣುವಷ್ಟು ಸುಲಭವಾಗಿ ಇಂಗ್ಲಿಷನ್ನಷ್ಟೇ ಬಲ್ಲವನಿಗೆ ಕಾಣುವುದಿಲ್ಲ. ಎರಡಕ್ಷರದ ಆ ಭೇದವನ್ನು ಮಕ್ಕಳ ನಾಲಗೆಯಲ್ಲಿ ಉಳಿಸುವುದಕ್ಕೆ ದೊಡ್ಡ ಸಂಸ್ಥೆಯಾಗಲಿ ದ್ರವ್ಯವಾಗಲಿ ಬೇಕಿಲ್ಲ. ಊಟದ ಮಣೆಯ ಮುಂದೆ ಕುಳಿತು ‘ಈ ತಟ್ಟೆ ಯಾರದು?’ ಎಂದು ಕೇಳಿ, ‘ಇದು ನನ್ನ ತಟ್ಟೆ’ ಎಂಬ ಉತ್ತರ ಪಡೆಯುವಷ್ಟು ಬಿಡುವು ಇದ್ದರೆ ಸಾಕು.